ಕಿಮ್ ಎಂಬ ಅನಾಥ ಬಾಲಕನ ನೆನಪಿನ ಆಟ



“ಸರ್, ನನಗೆ ನೆನಪಿನ ಶಕ್ತಿಯೇ ಇಲ್ಲ” ಎಂಬ ಮಾತನ್ನು ತರಗತಿಯಲ್ಲಿ ಪ್ರತಿವರ್ಷ ಕೇಳುತ್ತೇನೆ. ಹಾಗೆನ್ನುವವರಿಗಾಗಿ ಇಂದು ಒಬ್ಬ ಅನಾಥ ಹುಡುಗನ ಕಥೆ ಹೇಳುತ್ತೇನೆ.

ರುಡ್ಯಾರ್ಡ್ ಕಿಪ್ಲಿಂಗ್‌ರ ‘ಕಿಮ್’ ಕಾದಂಬರಿ ಪುಸ್ತಕವಾಗಿ ಪ್ರಕಟವಾದದ್ದು 1901ರಲ್ಲಿ. ಕಿಮ್ ಐರಿಷ್ ಸಿಪಾಯಿಯೊಬ್ಬನ ಮಗ. ತಂದೆತಾಯಿ ತೀರಿಕೊಂಡ ಮೇಲೆ ಲಾಹೋರಿನ ಬೀದಿಗಳಲ್ಲಿ ಬೆಳೆದವನು. ಇಂಗ್ಲಿಷಿಗಿಂತ ಹಿಂದೂಸ್ತಾನಿಯೇ ಅವನಿಗೆ ಸಲೀಸು. ವೇಷ ಮರೆಸುವುದರಲ್ಲಿ, ಮಾಳಿಗೆಯಿಂದ ಮಾಳಿಗೆಗೆ ಹಾಯ್ದು ಗುಟ್ಟಿನ ಸುದ್ದಿ ಮುಟ್ಟಿಸುವುದರಲ್ಲಿ ನಿಸ್ಸೀಮ. ಕುದುರೆ ವ್ಯಾಪಾರಿ ಪಠಾಣ ಮಹಬೂಬ್ ಅಲಿ ಈ ಚುರುಕುತನವನ್ನು ಮೊದಲು ಗುರುತಿಸಿದವರಲ್ಲೊಬ್ಬ. ಮುಂದೆ ಹುಡುಗನನ್ನು ಲಖನೌದ ಶಾಲೆಗೆ ಸೇರಿಸುತ್ತಾರೆ. ಫೀಸು ಕಟ್ಟುವವನು ಟಿಬೆಟ್ಟಿನ ಒಬ್ಬ ಲಾಮಾ!

ರಜೆಯಲ್ಲಿ ಕಿಮ್ ಸಿಮ್ಲಾದ ರತ್ನವ್ಯಾಪಾರಿ ಲರ್ಗನ್ ಬಳಿಗೆ ಹೋಗುತ್ತಾನೆ. ಅಲ್ಲೊಬ್ಬ ಚಿಕ್ಕ ಹಿಂದೂ ಹುಡುಗನಿದ್ದಾನೆ. ತಟ್ಟೆಯಲ್ಲಿ ಹದಿನೈದು ಹರಳುಗಳನ್ನಿಟ್ಟು, ನೋಡಿಸಿ, ಕಾಗದ ಮುಚ್ಚಿ, ಏನೇನಿತ್ತು ಹೇಳಿರೆಂಬ ಪಂದ್ಯ. ಕಿಮ್ ಕೈಯಲ್ಲಿ ಮುಟ್ಟಿ, ಎಣಿಸಿ, ಸಾವಕಾಶವಾಗಿ ನೋಡುತ್ತಾನೆ. ಆ ಪುಟ್ಟ ಹುಡುಗನಿಗೆ ಒಂದೇ ನೋಟ ಸಾಕು. ಸೋತವನು ಕಿಮ್!

ಏಕೆ ಸೋತ? ಭಾಷಾ ಶಿಕ್ಷಕನಾದ ನನಗೆ ಇಲ್ಲಿಯೇ ಕುತೂಹಲ. ಕಿಮ್ “ಐದು ನೀಲಿ ಕಲ್ಲು” ಎಂದ. ಅದೇ ಐದನ್ನು ಆ ಹುಡುಗ ಎರಡು ನೀಲಮಣಿ, ಮೂರು ವೈಡೂರ್ಯವಲ್ಲದ ಫಿರೋಜಾ ಎಂದು ಬೇರ್ಪಡಿಸಿದ. ನೀಲಮಣಿ ಎಷ್ಟು ರತ್ತಿ ತೂಗುತ್ತದೆ, ಯಾವುದರ ಅಂಚು ಮುಕ್ಕಾಗಿದೆ, ಯಾವ ಫಿರೋಜಾದ ಮೇಲೆ ಬರಹವಿದೆ, ಎಲ್ಲವನ್ನೂ ಒಪ್ಪಿಸಿದ. (ರತ್ತಿ ಎಂದರೆ ನಮ್ಮ ಗುಲಗಂಜಿಯ ತೂಕ.) ಇಬ್ಬರ ಕಣ್ಣುಗಳೂ ಚುರುಕೇ. ಆದರೆ ಕಂಡದ್ದಕ್ಕೆ ಒಬ್ಬನಲ್ಲಿ ಹೆಸರುಗಳಿದ್ದವು, ಇನ್ನೊಬ್ಬನಲ್ಲಿ ಇರಲಿಲ್ಲ. ಇದು ಹೇಗೆ ಸಾಧ್ಯವೆಂದು ಕಿಮ್ ಕೇಳಿದಾಗ ಸಿಕ್ಕ ಉತ್ತರ, ಮತ್ತೆ ಮತ್ತೆ ಮಾಡುವುದರಿಂದ ಎಂದು. ಅವನು ಮಾಡಿದ, ಕಲಿತ.

ಅದೇ ಅಂಗಡಿಯಲ್ಲಿ ಲರ್ಗನ್ ಅವನನ್ನು ಸಮ್ಮೋಹನಗೊಳಿಸಲು ಯತ್ನಿಸುತ್ತಾನೆ. ಒಡೆದ ಹೂಜಿ ತಾನೇ ಕೂಡಿಕೊಂಡಂತೆ ತೋರಿಸುವ ಯುಕ್ತಿ ಅದು. ಕಿಮ್ ಪಾರಾದದ್ದು ಶಾಲೆಯಲ್ಲಿ ಕಲಿತ ಮಗ್ಗಿಯನ್ನು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು! ಮಗ್ಗಿಯೆಂದರೆ ಮುಖ ಸಿಂಡರಿಸುವವರು ಗಮನಿಸಿರಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಪ್ರತಿಭೆಯನ್ನೆಲ್ಲ ಬಳಸಿಕೊಂಡದ್ದು ಬ್ರಿಟಿಷ್ ಸರ್ಕಾರದ ಬೇಹುಗಾರಿಕೆ. ಕಿಪ್ಲಿಂಗ್ ಸಾಮ್ರಾಜ್ಯದ ಪಕ್ಷದವರು. ಹುಡುಗನನ್ನು ಯಾರ ಕೆಲಸಕ್ಕೆ ಪಳಗಿಸುತ್ತಿದ್ದಾರೆಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡಲಿಲ್ಲ. ಓದುವ ನಮ್ಮನ್ನು ಕಾಡಬೇಕು.

ಆಟ ಮಾತ್ರ ಉಳಿಯಿತು. ಬೇಡನ್ ಪೊವೆಲ್ 1908ರ ತಮ್ಮ ಸ್ಕೌಟ್ ಪುಸ್ತಕದಲ್ಲಿ ಅದನ್ನು ಸೇರಿಸಿದರು. ಸ್ಕೌಟ್ ಮಕ್ಕಳು ಅದನ್ನು ‘ಕಿಮ್ಸ್ ಗೇಮ್’ ಎಂದೇ ಆಡುತ್ತಾರೆ. ಖರ್ಚೇನೂ ಇಲ್ಲ. ಗುಂಡಿ, ಬೀಗದ ಕೈ, ಏಲಕ್ಕಿ, ಪೆನ್ನಿನ ಮುಚ್ಚಳ, ಹೀಗೆ ಹದಿನೈದು ವಸ್ತುಗಳು, ಒಂದು ತಟ್ಟೆ, ಒಂದು ಟವೆಲ್ ಸಾಕು. ಒಂದು ನಿಮಿಷ ನೋಡಿ ಮುಚ್ಚಿ, ಬರೆಯಿರಿ. “ಒಂದು ಗುಂಡಿ” ಎಂದಷ್ಟೇ ಬರೆದವರಿಗೆ ಅರ್ಧ ಅಂಕ. ಬಣ್ಣವೇನು, ತೂತೆಷ್ಟು ಎಂದು ಬರೆದವರಿಗೆ ಪೂರ್ತಿ.