ದಣಿದ ಮೈಗೂ ವ್ಯಾಯಾಮ ಬೇಕೇ?

(ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಾಡಲು ಕರೆದಾಗ, "ನಾನು ಡಾಕ್ಟರೂ ಅಲ್ಲ, ಆಹಾರತಜ್ಞೆಯೂ ಅಲ್ಲ, ಬರೀ ನರ್ಸು" ಎಂದೆ. "ಅದಕ್ಕೇ ಕರೆದದ್ದು, ನಿಂತು ದುಡಿಯುವವರ ಕಷ್ಟ ನಿಮಗೆ ಗೊತ್ತು" ಎಂದರು. ಆ ಮಾತಿಗೆ ಒಪ್ಪಿಕೊಂಡು ಬಂದಿದ್ದೇನೆ. ಇಲ್ಲಿ ಟಿಫಿನ್ ಕಟ್ಟಿಕೊಡುವವರಿದ್ದೀರಿ, ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವವರಿದ್ದೀರಿ, ಪಾರ್ಲರ್ ನಡೆಸುವವರಿದ್ದೀರಿ. ಸಂಜೆ ಮನೆಗೆ ಬಂದಾಗ ಚಪ್ಪಲಿ ಬಿಚ್ಚಲೂ ಬಗ್ಗಲಾಗದಷ್ಟು ದಣಿವು ಎಂದರೇನು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನನ್ನ ಊರು ಕುಂದಾಪುರದ ಕಡೆ. ಮುಂಬಯಿಗೆ ಬಂದು 27 ವರ್ಷವಾಯಿತು. ಡೊಂಬಿವಲಿಯಲ್ಲಿ ಮನೆ, ಪರೇಲ್ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಐದೂಮುಕ್ಕಾಲರ ಲೋಕಲ್ ಹಿಡಿಯುವುದು, ಏಳೂವರೆಗೆ ವಾರ್ಡಿನಲ್ಲಿ ನಿಲ್ಲುವುದು. ಸಂಜೆ ಆರಕ್ಕೆ ಮನೆ. ಆಮೇಲೆ ಅಡುಗೆ, ಪಾತ್ರೆ, ನಾಳೆಯ ತಯಾರಿ. ತಿಂಗಳಲ್ಲಿ ಕೆಲವು ದಿನ ರಾತ್ರಿಪಾಳಿ ಬೇರೆ.

ಆರು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ, ವಯಸ್ಸಾದ ಒಬ್ಬ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುತ್ತಿದ್ದೆ. ಸಾವಿರ ಸಲ ಮಾಡಿದ ಕೆಲಸ. ಅರ್ಧ ಎತ್ತಿದ್ದೇನೆ, ಸೊಂಟ ಚಳಕ್ ಎಂದು ಹಿಡಿದುಕೊಂಡಿತು. ಕೈ ಸಡಿಲವಾಯಿತು. ಪಕ್ಕದಲ್ಲಿದ್ದ ಮಾವಶಿ ಓಡಿಬಂದು ಹಿಡಿಯದಿದ್ದರೆ ಆ ಅಜ್ಜ ನೆಲಕ್ಕೆ ಬೀಳುತ್ತಿದ್ದರು. ನನಗೆ ಮೂರು ವಾರ ಹಾಸಿಗೆ. ಆ ಸಮಯದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9. ಹೆಂಗಸರಿಗೆ ಕನಿಷ್ಠ 12 ಇರಬೇಕು. ಮನೆಗೆ ಹೊರಟ ರೋಗಿಗಳಿಗೆಲ್ಲ "ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ವ್ಯಾಯಾಮ ಮಾಡಿ" ಎಂದು ಬುದ್ಧಿ ಹೇಳುತ್ತಿದ್ದವಳು ನಾನೇ!

ಫಿಸಿಯೋಥೆರಪಿ ಮಾಡುವ ಹುಡುಗಿ, ನನ್ನ ಮಗನಿಗಿಂತ ಸ್ವಲ್ಪ ದೊಡ್ಡವಳು, "ಸಿಸ್ಟರ್, ನೀವು ವ್ಯಾಯಾಮ ಶುರು ಮಾಡಬೇಕು" ಎಂದಳು. ನನಗೆ ಸಿಟ್ಟೇ ಬಂತು. "ದಿನಕ್ಕೆ ಎಂಟು ಗಂಟೆ ಕಾಲ ಮೇಲಿರುತ್ತೇನೆ. ದಾದರ್ ಸೇತುವೆ ಹತ್ತಿ ಇಳಿಯುತ್ತೇನೆ. ಇದಕ್ಕಿಂತ ವ್ಯಾಯಾಮ ಬೇಕಾ?" ಎಂದೆ. ಅವಳು ವಾದ ಮಾಡಲಿಲ್ಲ. ಒಂದು ಕುರ್ಚಿ ತಂದಿಟ್ಟು, "ಕೈ ಊರದೆ ಹತ್ತು ಸಲ ಎದ್ದು ಕೂತು ತೋರಿಸಿ" ಎಂದಳು. ಏಳನೆಯ ಸಲಕ್ಕೆ ತೊಡೆ ಗಡಗಡ ನಡುಗಿತು. ಆಗ ಅವಳು ಹೇಳಿದ್ದು: "ನಿಮ್ಮ ಕಾಲು ದಣಿದಿದೆ ಸಿಸ್ಟರ್, ಗಟ್ಟಿಯಾಗಿಲ್ಲ. ಎರಡೂ ಬೇರೆ ಬೇರೆ."

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ದುಡಿತದಿಂದ ಮೈ ದಣಿಯುತ್ತದೆ, ಅದರಿಂದಲೇ ಗಟ್ಟಿಯಾಗುತ್ತದೆ ಎಂದೇನಿಲ್ಲ. ಕೆಲಸದಲ್ಲಿ ನಾವು ಅದೇ ಬಗ್ಗುವಿಕೆ, ಅದೇ ಎತ್ತುವಿಕೆ, ಅದೇ ನಿಲ್ಲುವಿಕೆಯನ್ನು ಗಂಟೆಗಟ್ಟಲೆ ಮಾಡುತ್ತೇವೆ. ಸಾಕು ಎನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ನಮಗಿಲ್ಲ. ಮಧ್ಯೆ ವಿಶ್ರಾಂತಿ ಇಲ್ಲ. ವ್ಯಾಯಾಮ ಹಾಗಲ್ಲ. ಸ್ವಲ್ಪ ಹೊತ್ತು ಭಾರ ಕೊಡುತ್ತೇವೆ, ಬಿಡುತ್ತೇವೆ, ಆಮೇಲೆ ಸ್ನಾಯು ಸರಿಹೋಗಲು ಸಮಯ ಕೊಡುತ್ತೇವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನಲ್ಲಿ ಮೈಗೆ ಚಟುವಟಿಕೆ ಕೊಟ್ಟವರಲ್ಲಿ ಹೃದಯದ ತೊಂದರೆ ಕಡಿಮೆ ಇತ್ತು. ಕೆಲಸದಲ್ಲಿ ಹೆಚ್ಚು ಮೈಮುರಿಯುವವರಲ್ಲಿ ಅದು ಹೆಚ್ಚೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಕೆಲಸದ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ನಿಜ. ಆದರೆ ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ. ನನ್ನಲ್ಲಿ ಇರಲಿಲ್ಲದ್ದು ಅದೇ.

ನನ್ನ ಅಮ್ಮ ಗದ್ದೆಯಲ್ಲಿ ದುಡಿದವರು. ನಟ್ಟಿ, ಕೊಯ್ಲು, ಹುಲ್ಲಿನ ಹೊರೆ, ಯಾವುದಕ್ಕೂ ಹಿಂದೆ ಬಿದ್ದವರಲ್ಲ. "ದುಡಿಯುವ ಮೈಗೆ ರೋಗ ಇಲ್ಲ ಮಗಾ" ಎನ್ನುತ್ತಿದ್ದರು. 64ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಮೊದಲಿನಂತೆ ನಡೆಯಲೇ ಇಲ್ಲ. ದುಡಿಮೆ ಅವರಿಗೆ ಕಡಿಮೆ ಇತ್ತೇ? ಇಲ್ಲ. ಕಡಿಮೆ ಇದ್ದದ್ದು ಊಟ ಮತ್ತು ವಿಶ್ರಾಂತಿ. ಮನೆಯವರೆಲ್ಲ ಉಂಡಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವರ ಪಾಲು. ನಾನು ಮುಂಬಯಿಗೆ ಬಂದರೂ ಆ ಅಭ್ಯಾಸವನ್ನು ಗಂಟುಕಟ್ಟಿಕೊಂಡೇ ಬಂದಿದ್ದೆ.

ಊಟದ ಮಾತಿಗೆ ಬರುತ್ತೇನೆ. ಆ ಮೂರು ವಾರ ಮಲಗಿದ್ದಾಗ, ನನ್ನ ಒಂದು ದಿನದ ಊಟವನ್ನು ಕಾಗದದಲ್ಲಿ ಬರೆದೆ. ಐದು ಗಂಟೆಗೆ ಚಹಾ, ಎರಡು ಬಿಸ್ಕತ್ತು. ಹನ್ನೊಂದಕ್ಕೆ ವಡಾಪಾವ್, ಚಹಾ. ಮೂರು ಗಂಟೆಗೆ ಅನ್ನ, ತೆಳ್ಳಗಿನ ಸಾರು. ಸಂಜೆ ಚಹಾ, ಖಾರಿ. ರಾತ್ರಿ ಹತ್ತಕ್ಕೆ ಉಳಿದ ಅನ್ನ, ಉಪ್ಪಿನಕಾಯಿ. ದಿನಕ್ಕೆ ಆರು ಚಹಾ! ನನ್ನ ತೂಕ 60 ಕಿಲೋ. ನಮ್ಮ ದೇಶದ ಲೆಕ್ಕದ ಪ್ರಕಾರ ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಎಂದರೆ ನನಗೆ 50 ಗ್ರಾಂ. ಲೆಕ್ಕ ಹಾಕಿದರೆ ನನ್ನದು 30ರ ಆಸುಪಾಸಿನಲ್ಲಿತ್ತು.

ನಾನೊಬ್ಬಳೇ ಹೀಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ದಣಿವನ್ನು ನಾವು ಕೆಲಸದ ಲೆಕ್ಕಕ್ಕೆ ಹಾಕುತ್ತೇವೆ. ಎಷ್ಟೋ ಸಲ ಅದು ರಕ್ತದ ಲೆಕ್ಕದ್ದು.

ನಾನು ಬದಲಾಯಿಸಿದ್ದು ದೊಡ್ಡ ಸಂಗತಿಯೇನಲ್ಲ. ಹೊಸ ಸಾಮಾನೂ ತರಲಿಲ್ಲ. ಭಾನುವಾರ ಹೆಸರುಕಾಳು, ಮಟಕಿ, ಕಡಲೆ ನೆನೆಸಿ, ಮೊಳಕೆ ಬರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಮನೆ ಬಿಡುವ ಮುಂಚೆ ಎರಡು ಬೇಯಿಸಿದ ಮೊಟ್ಟೆ ಅಥವಾ ಹಿಂದಿನ ರಾತ್ರಿಯ ಉಸಳಿ ಒಂದು ಬಟ್ಟಲು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ. ಹತ್ತೂವರೆಗೆ ಒಂದು ಹಣ್ಣು. ಒಂದೂವರೆಗೆ ಡಬ್ಬಿ: ಅನ್ನ ಅಥವಾ ಚಪಾತಿ ಮೊದಲಿಗಿಂತ ಸ್ವಲ್ಪ ಕಡಿಮೆ, ಪಲ್ಯ ಹೆಚ್ಚು, ಗಟ್ಟಿ ಬೇಳೆ ಅಥವಾ ಹುರುಳಿ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಗಿಂತ ಒಳ್ಳೆಯದು ಏನಿದೆ? ಸಂಜೆ ಸ್ಟೇಷನ್ನಿನಲ್ಲಿ ವಡಾಪಾವ್ ವಾಸನೆ ಬರುವ ಮೊದಲೇ ಬ್ಯಾಗಿನಿಂದ ಒಂದು ಹಿಡಿ ಶೇಂಗಾ ತೆಗೆಯುತ್ತೇನೆ. ಹಸಿದು ಮನೆಗೆ ಬಂದವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಏನೇನೋ ತಿನ್ನುತ್ತಾಳೆ. ಸ್ವಲ್ಪ ತಿಂದು ಬಂದವಳು ಕೂತು ಉಣ್ಣುತ್ತಾಳೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಹೇಳುವುದೂ ಇಂಥದ್ದನ್ನೇ: ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಲಿ. ಚಹಾವನ್ನು ಊಟದ ಹಿಂದೆ ಮುಂದೆ ಒಂದು ಗಂಟೆ ದೂರವಿಡಿ ಎಂದೂ ಹೇಳುತ್ತದೆ. ಚಹಾ ಆಹಾರದ ಕಬ್ಬಿಣವನ್ನು ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. ಬದಲಿಗೆ ಉಸಳಿ, ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ನಾನು ಚಹಾ ಬಿಟ್ಟಿಲ್ಲ. ಆರರಿಂದ ಮೂರಕ್ಕೆ ಇಳಿಸಿದ್ದೇನೆ.

ಇನ್ನು ವ್ಯಾಯಾಮ. ಬೆಳಿಗ್ಗೆ ಬೇಗ ಏಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾಲ್ಕೂವರೆಗೆ ಏಳುವವಳು ನಾಲ್ಕಕ್ಕೆ ಎದ್ದರೆ ಹೋಗುವುದು ನಿದ್ದೆಯೇ. ಮಂಗಳವಾರ, ಶುಕ್ರವಾರ ಸಂಜೆ ಮನೆಗೆ ಬಂದೊಡನೆ ಮೊದಲ ಹತ್ತು ನಿಮಿಷ ನೆಲದ ಮೇಲೆ ಮಲಗಿ, ಕಾಲನ್ನು ಕುರ್ಚಿಯ ಮೇಲಿಡುತ್ತೇನೆ. ಆಮೇಲೆ ಹನ್ನೆರಡು ನಿಮಿಷ ವ್ಯಾಯಾಮ. ಅಡುಗೆಮನೆಗೆ ಕಾಲಿಡುವುದು ಅದಾದ ಮೇಲೆಯೇ. ಮೊದಲು ಹೋದೆನೋ, ಆವತ್ತಿನ ವ್ಯಾಯಾಮ ಮುಗಿದಂತೆ.

ಮಾಡುವುದು ಐದೇ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ಅಂಗೈ ಒತ್ತಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಮೊಣಕೈ ಮಡಚಿ ಎತ್ತುವುದು. ಮೊದಲ ವಾರ ಐದೈದು ಸಲ ಮಾತ್ರ. ಸುಲಭವೆನಿಸಿದ ಮೇಲೆ ಒಂದೆರಡು ಹೆಚ್ಚು. ಭಾನುವಾರ ಬ್ಯಾಗಿಲ್ಲದೆ, ಅವಸರವಿಲ್ಲದೆ ಅರ್ಧ ಗಂಟೆ ನಡಿಗೆ. ರಾತ್ರಿಪಾಳಿ ಮುಗಿಸಿ ಬಂದ ದಿನ ವ್ಯಾಯಾಮ ಇಲ್ಲ, ನಿದ್ದೆಯೇ ಔಷಧ. ತೀರಾ ಸೋತ ದಿನ ಕಾಲು ಮೇಲಿಟ್ಟು ಮಲಗಿದರೆ ಸಾಕು, ಅದಕ್ಕೆ ಬೇಸರಪಡಬೇಡಿ.

ಮನೆಯವರು ಮೊದಲು ನಕ್ಕರು. "ದಿನವಿಡೀ ಓಡಾಡ್ತೀಯಲ್ಲ, ಮತ್ತೆ ಇದೆಲ್ಲ ಯಾಕೆ?" ಎಂದರು ಯಜಮಾನರು. "ನಾಳೆ ನಾನು ಮಲಗಿದರೆ ನನ್ನನ್ನು ಎತ್ತುವವರು ಯಾರು ರೀ?" ಎಂದೆ. ಅವರು ಸುಮ್ಮನಾದರು. ಆ ಎರಡು ದಿನ ಕುಕ್ಕರ್ ಇಡುವುದು ಈಗ ಅವರ ಮತ್ತು ಮಗನ ಕೆಲಸ. ಮೊದಲ ವಾರ ಬೇಳೆಗೆ ಉಪ್ಪು ಜಾಸ್ತಿಯಾಗಿತ್ತು. ಯಾರೂ ಏನೂ ಅನ್ನಲಿಲ್ಲ, ಉಂಡೆವು. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದೂ ಆಗಲೇ ಶುರುವಾಯಿತು.

ಆಸ್ಪತ್ರೆಯಲ್ಲೂ ಒಂದು ಕೆಲಸ ಮಾಡಿದೆವು. ವಾರ್ಡಿನ ನಾವೆಲ್ಲ ಸೇರಿ, ಇಬ್ಬಿಬ್ಬರಂತೆ ಊಟಕ್ಕೆ ಹೋಗುವ ಹೊತ್ತನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ ಎಂದು ಮೇಟ್ರನ್ ಅವರನ್ನು ಕೇಳಿದೆವು. ಭಾರದ ರೋಗಿಯನ್ನು ಒಬ್ಬರೇ ಎತ್ತುವುದಿಲ್ಲ ಎಂದೂ ಹೇಳಿದೆವು. ಒಪ್ಪಿಕೊಂಡರು. ಇದನ್ನು ಯಾಕೆ ಹೇಳುತ್ತೇನೆಂದರೆ, ಉಣ್ಣಲು ಹೊತ್ತೇ ಕೊಡದ ಕೆಲಸದಲ್ಲಿ ಬರೀ ನಮ್ಮ ಮನೋಬಲದಿಂದ ಆರೋಗ್ಯ ಉಳಿಯುವುದಿಲ್ಲ. ಬಾಯಿಬಿಟ್ಟು ಕೇಳಬೇಕು, ಒಬ್ಬೊಬ್ಬರೇ ಅಲ್ಲ, ಸೇರಿ ಕೇಳಬೇಕು.

ಫಲ ಏನಾಯಿತು ಎಂದು ಕೇಳುತ್ತೀರಿ. ತೂಕ ಇಳಿದದ್ದು ಎರಡೇ ಕಿಲೋ. ಗಣಪತಿ ಹಬ್ಬ, ಮಳೆಯಲ್ಲಿ ನಿಂತ ಲೋಕಲ್, ಮಗನ ಪರೀಕ್ಷೆ ಎಂದು ಎಷ್ಟೋ ಸಲ ನಿಂತುಹೋಗಿದೆ, ಮತ್ತೆ ಐದರಿಂದ ಶುರು ಮಾಡಿದ್ದೇನೆ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಮತ್ತು ಈ ಊಟದಿಂದ ಎಂಟು ತಿಂಗಳಲ್ಲಿ ಹಿಮೋಗ್ಲೋಬಿನ್ 11.8ಕ್ಕೆ ಬಂತು. ಕುರ್ಚಿಯಿಂದ ಈಗ ಇಪ್ಪತ್ತು ಸಲ ಏಳುತ್ತೇನೆ. ಸೊಂಟನೋವು ಆಗಾಗ ಬರುತ್ತದೆ, ಆದರೆ ನನ್ನನ್ನು ಮಲಗಿಸಿಲ್ಲ.

ಒಂದು ಎಚ್ಚರಿಕೆಯ ಮಾತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ, ವಿಪರೀತ ಏದುಸಿರು ಬಂದರೆ, ಮುಟ್ಟಿನ ರಕ್ತಸ್ರಾವ ಹೆಚ್ಚಾದರೆ "ಕೆಲಸದ ಸುಸ್ತು" ಎಂದು ಸುಮ್ಮನಿರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇರುವವರೂ ಕೇಳಿಯೇ ಶುರು ಮಾಡಿ.

ನನ್ನ ಮಾತು ಮುಗಿಯಿತು. ಈಗ ಎಲ್ಲರೂ ಒಂದು ಸಲ ಕುರ್ಚಿಯಿಂದ ಕೈ ಊರದೆ ಎದ್ದು ನೋಡಿ. ಮಂಡಿ ಕೇಳದವರು ಕೈ ಊರಿಯೇ ಏಳಿ, ಪರವಾಗಿಲ್ಲ. ಎದ್ದಿರಾ? ಹಾಗಾದರೆ ಇನ್ನೊಂದು ಬೇಡಿಕೆ. ಬೆಳಿಗ್ಗೆ ಆರರಿಂದ ನಮಗಾಗಿ ಅಡುಗೆ ಮಾಡಿದ ಅಕ್ಕಂದಿರು ಅಲ್ಲಿ ಹಿಂದೆ ನಿಂತಿದ್ದಾರೆ. ಅವರು ಇನ್ನೂ ಏನೂ ತಿಂದಿರಲಿಕ್ಕಿಲ್ಲ. ಇವತ್ತಿನ ಮೊದಲ ಪಂಕ್ತಿಯಲ್ಲಿ ಅವರು ಕೂರಲಿ, ನಾವು ಬಡಿಸೋಣ.