ಹನ್ನೊಂದು ಕುಂಡಗಳ ಬೆಲೆ



ಕೈತೋಟದಿಂದ ಮನಸ್ಸಿಗೆ ಹಿತ ಎನ್ನುವುದು ನಿಮಗೆಲ್ಲ ಗೊತ್ತಿದೆ. ಆ ಹಿತಕ್ಕೆ ಎಷ್ಟು ರೂಪಾಯಿ ಎಂಬುದು ನನ್ನ ಪ್ರಶ್ನೆ. ಸುಮ್ಮನೆ ಕೇಳುತ್ತಿಲ್ಲ. ಕತಾರ್‌ಗಾಮ್‌ನ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ನೀರು ಸೋರುತ್ತಿದೆ, ಕುಂಡಗಳನ್ನು ತೆಗೆಯಿರಿ ಎಂದು ಸೊಸೈಟಿಯಲ್ಲಿ ಮಾತು ಬಂದಿದೆ.

ಆ ಹನ್ನೊಂದು ಕುಂಡಗಳು ನಮ್ಮ ಅತ್ತೆಯವರದು. ಮಾವ ತೀರಿಕೊಂಡ ಮೇಲೆ ಹಾವೇರಿ ಕಡೆಯ ಊರು ಬಿಟ್ಟು ನಮ್ಮಲ್ಲಿಗೆ ಬಂದರು. ಗುಜರಾತಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಆರು ತಿಂಗಳು ಟಿವಿ ಮುಂದೆ ಮಾತಿಲ್ಲದೆ ಕೂತಿದ್ದರು. ಒಂದು ದಿನ ಪಕ್ಕದ ಮನೆಯ ಬೆನ್ ಒಂದು ಹಿಡಿ ಪಾಪಡಿ ಬೀಜ ಕೊಟ್ಟರು. ಊಂಧಿಯುಗೆ ಹಾಕುವ ಕತಾರ್‌ಗಾಮ್ ಪಾಪಡಿ ನಿಮಗೆ ಗೊತ್ತೇ ಇದೆ. "ಇದು ನಮ್ಮ ಅವರೀನ ಐತಲ್ಲವಾ!" ಎಂದರು ಅತ್ತೆ. ಈಗ ಬೆಳಿಗ್ಗೆ ಸಂಜೆ ಇಬ್ಬರೂ ಟೆರೇಸಿನಲ್ಲಿ. ಹೇನು ಹತ್ತಿದ ಬಳ್ಳಿಯ ಬಗ್ಗೆ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಗುಜರಾತಿಯಲ್ಲಿ ಚರ್ಚೆ ಮಾಡುತ್ತಾರೆ!

ನನ್ನ ಎಕ್ಸೆಲ್ ಲೆಕ್ಕ ಬೇರೆಯೇ ಹೇಳುತ್ತದೆ. ವರ್ಷಕ್ಕೆ ಕುಂಡ, ಮಣ್ಣು, ಗೊಬ್ಬರಕ್ಕೆ 3,400 ರೂಪಾಯಿ. ಬಂದ ಕಾಯಿ, ಸೊಪ್ಪು 1,100 ರೂಪಾಯಿಯದು. ಶುದ್ಧ ನಷ್ಟ.

ಮಾರುಕಟ್ಟೆಯಲ್ಲಿ ಸಿಗದ ಇಂಥದ್ದಕ್ಕೆ ಬೆಲೆ ಕಟ್ಟಲು ಅರ್ಥಶಾಸ್ತ್ರಜ್ಞರು ಜನರನ್ನೇ ಕೇಳುತ್ತಾರೆ. ಇದನ್ನು ಉಳಿಸಿಕೊಳ್ಳಲು ಎಷ್ಟು ಕೊಡುತ್ತೀರಿ? ಅಥವಾ, ಬಿಟ್ಟುಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ? 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕಾದ ಸಮುದ್ರಕ್ಕೆ ಸೋರಿದ ಮೇಲೆ ಈ ವಿಧಾನದ ಬಗ್ಗೆ ದೊಡ್ಡ ಜಗಳವೇ ಆಯಿತು. ನೊಬೆಲ್ ಪಡೆದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ, ಮೊದಲನೆಯ ಪ್ರಶ್ನೆಯನ್ನೇ ಕೇಳಿ ಎಂದಿತು. ಎರಡನೆಯದನ್ನು ಕೇಳಿದರೆ ಮೊತ್ತ ವಿಪರೀತ ಏರುತ್ತದೆ.

ಅತ್ತೆಯವರಿಗೆ ಎರಡನ್ನೂ ಕೇಳಿದೆ. ತಿಂಗಳಿಗೆ ಎಷ್ಟು ಕೊಡ್ತೀರಿ? "ನನ್ನ ಹತ್ರ ಎಲ್ಲಿ ರೊಕ್ಕ ಐತಿ?" ಐನೂರು ಕೊಟ್ಟರೆ ಕುಂಡ ತೆಗೀತೀರಾ? "ಐದು ಸಾವಿರ ಕೊಟ್ರೂ ಬ್ಯಾಡ."

ಅಷ್ಟು ದೊಡ್ಡ ವಿದ್ವಾಂಸರ ಜೊತೆ ವಾದಿಸುವಷ್ಟು ನಾನು ಓದಿಲ್ಲ, ನನ್ನದು ಕಂಪ್ಯೂಟರ್ ಎಂ.ಟೆಕ್. ಆದರೆ ಕೈಯಲ್ಲಿ ಸ್ವಂತ ದುಡ್ಡೇ ಇಲ್ಲದ ಹೆಂಗಸಿಗೆ ಮೊದಲ ಪ್ರಶ್ನೆ ಕೇಳಿದರೆ ಉತ್ತರ ಸೊನ್ನೆ. ಅದು ಅವರ ಜೇಬಿನ ಅಳತೆ, ತೋಟದ್ದಲ್ಲ.

ನೀರು ಸೋರುತ್ತಿರುವುದೂ ಸುಳ್ಳಲ್ಲ. ಬರುವ ರವಿವಾರ ಸೊಸೈಟಿ ಮೀಟಿಂಗ್ ಇದೆ. ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತರಿಸಿ, ಕೆಳಗೆ ತಟ್ಟೆ ಇಟ್ಟು, ವಾಟರ್‌ಪ್ರೂಫಿಂಗ್ ಖರ್ಚಿನಲ್ಲಿ ಸ್ವಲ್ಪ ಹೆಚ್ಚಿನ ಪಾಲು ಕೊಡುತ್ತೇವೆ ಎಂದು ಬರೆದುಕೊಂಡಿದ್ದೇನೆ. ಪಕ್ಕದ ಮನೆಯ ಬೆನ್ ಸಹಿ ಹಾಕಿದ್ದಾರೆ. ಅತ್ತೆಯವರು ಕನ್ನಡದಲ್ಲೇ ಹಾಕಿದ್ದಾರೆ.