ಪೇಟಿ ಮಾಸ್ತರರನ್ನು ನೆನೆಯುವ ಬಗೆ



2014ರ ಏಪ್ರಿಲ್ 4ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಬ್ಬ ಕೀಬೋರ್ಡ್ ವಾದಕರ ನೆನಪಿಗಾಗಿ ಅಭಿಮಾನಿಗಳು ಸೇರಿದ್ದರು. ಅವರ ಹೆಸರು ಜಾನ್ ಲಾರ್ಡ್. ಡೀಪ್ ಪರ್ಪಲ್ ಎಂಬ ರಾಕ್ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. 2012ರ ಜುಲೈ 16ರಂದು ತೀರಿಕೊಂಡಿದ್ದರು. ರಾಕ್ ಸಂಗೀತದಲ್ಲಿ ಜನರ ಕಣ್ಣು ಹಾಡುವವರ ಮೇಲೆ ಇರುತ್ತದೆ, ಇಲ್ಲವೇ ಗಿಟಾರ್ ಹಿಡಿದವರ ಮೇಲೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನಿನ ದನಿಯನ್ನು ಗಿಟಾರಿಗೆಂದು ತಯಾರಿಸಿದ ಆಂಪ್ಲಿಫೈಯರಿನ ಮೂಲಕ ಹಾಯಿಸಿ, ಅದನ್ನು ಗಿಟಾರಿಗೆ ಸರಿಸಮನಾಗಿ ನಿಲ್ಲಿಸಿದರು. ಅಂದಿನ ಸಭೆಗೆ ಅವರ ಹೆಸರಷ್ಟೇ ಅಲ್ಲ, ಅವರು ಮಾಡಿದ ಕೆಲಸವೂ ಗೊತ್ತಿತ್ತು.

ಈ ಮಾತನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ವಿದ್ಯಾರ್ಥಿಗಳಿಗೆ ಹೇಳುವುದಕ್ಕೆ ಕಾರಣವಿದೆ. ಬಿಳಿ ಕಪ್ಪು ಮನೆಗಳ ಮೇಲೆ ಬೆರಳಾಡಿಸುವ ವಾದ್ಯ ನಮ್ಮಲ್ಲೂ ಉಂಟು. ಪುಸ್ತಕದಲ್ಲಿ ಅದು ಹಾರ್ಮೋನಿಯಂ. ನಮ್ಮ ಊರುಗಳಲ್ಲಿ ಪೇಟಿ. ಭಜನೆಗೆ ಪೇಟಿ ಬೇಕು, ಪಾರಿಜಾತದ ಆಟಕ್ಕೆ ಬೇಕು, ನಾಟಕಕ್ಕೆ ಬೇಕು. ಆದರೆ ಪೇಟಿ ಮಾಸ್ತರು ತೀರಿಕೊಂಡಾಗ ನಾವು ಅವರ ಯಾವ ಕೆಲಸವನ್ನು ನೆನೆಯುತ್ತೇವೆ?

ಜಮಖಂಡಿಯಿಂದ ಕೃಷ್ಣೆಯನ್ನು ದಾಟಿ, ಅಥಣಿಯ ಮೇಲೆ ಹಾಯ್ದು ಮೀರಜ ದಾರಿ ಹಿಡಿದರೆ ಕಾಗವಾಡ ಸಿಗುತ್ತದೆ. 1917ರ ಜನವರಿ 7ರಂದು ಅಲ್ಲಿ ಹುಟ್ಟಿದವರು ಪಂಡಿತ ರಾಮಭಾವು ವಿಜಾಪುರೆ. ಪೇಟಿಯ ಜೊತೆಗೆ ಹಾಡುಗಾರಿಕೆಯನ್ನೂ ಕಲಿತವರು. ಬೆಳಗಾವಿಯಲ್ಲಿ ನೆಲೆನಿಂತು ಸಂಗೀತ ಶಾಲೆ ನಡೆಸಿದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಇಂಥ ದೊಡ್ಡ ಗಾಯಕರಿಗೆ ಸಾಥ್ ನೀಡಿದರು. 2010ರ ನವೆಂಬರ್ 19ರಂದು, 93ರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಲು ಸ್ವಲ್ಪ ಭೌತವಿಜ್ಞಾನ ಬೇಕು. ಪೇಟಿಯ ಒಳಗೆ ಪ್ರತಿ ಸ್ವರಕ್ಕೂ ಹಿತ್ತಾಳೆಯ ತೆಳುವಾದ ನಾಲಗೆಯಿದೆ. ತಿದಿಯ ಗಾಳಿ ಹಾಯ್ದಾಗ ಅದು ಕಂಪಿಸುತ್ತದೆ. ಅದರ ಉದ್ದ, ದಪ್ಪ ಬದಲಾಗುವುದಿಲ್ಲ. ಆದ್ದರಿಂದ ಸ್ವರವೂ ಬದಲಾಗುವುದಿಲ್ಲ. ಪೇಟಿಯನ್ನು ಸಾಮಾನ್ಯವಾಗಿ ಶ್ರುತಿ ಮಾಡುವ ಕ್ರಮದಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮ ಹೆಜ್ಜೆಗಳಾಗಿ ಹಂಚಿರುತ್ತಾರೆ. ಷಡ್ಜದ ಕಂಪನ ಸೆಕೆಂಡಿಗೆ 240 ಎಂದಿಟ್ಟುಕೊಳ್ಳಿ. ತಂಬೂರಿಯ ನಾದಕ್ಕೆ ಒಪ್ಪುವ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 300. ಪೇಟಿಯ ಗಾಂಧಾರ ಸುಮಾರು 302.4. ವ್ಯತ್ಯಾಸ ಚಿಕ್ಕದು, ಆದರೆ ಪಳಗಿದ ಕಿವಿಗೆ ಅದು ಚುಚ್ಚುತ್ತದೆ. ಇದರ ಮೇಲೆ ಇನ್ನೊಂದು ಕೊರತೆ. ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಪೇಟಿಯಲ್ಲಿ ತೆಗೆಯಲಾಗದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಲೇಬೇಕು.

ಇಂಥ ಆಕ್ಷೇಪಗಳಿಂದಲೇ 1940ರ ಮಾರ್ಚ್ 1ರಂದು ಆಕಾಶವಾಣಿ ಪೇಟಿಯನ್ನು ಪ್ರಸಾರದಿಂದ ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಲೆಕ್ಕ ಹಾಕಿ ನೋಡಿ: ಬಾಗಿಲು ಮುಚ್ಚಿದಾಗ ರಾಮಭಾವು ಅವರಿಗೆ 23 ವರ್ಷ, ತೆರೆದಾಗ 54. ಕಲಾವಿದನ ಕೈ ಚುರುಕಾಗಿರುವ ವಯಸ್ಸೆಲ್ಲ ಆ ನಡುವೆಯೇ ಕಳೆಯಿತು. ಆದರೂ ಅವರು ವಾದ್ಯ ಬಿಡಲಿಲ್ಲ. ಬಾನುಲಿಯಲ್ಲಿ ಸಲ್ಲದ ಪೇಟಿ ಸಭೆಯಲ್ಲಿ ಸಲ್ಲುತ್ತಿತ್ತು. ಗಾಯಕರಿಗೆ ಅದು ಬೇಕಾಗಿತ್ತು.

ಏಕೆ ಬೇಕಾಗಿತ್ತು? ಒಳ್ಳೆಯ ಪೇಟಿ ಮಾಸ್ತರು ವಾದ್ಯದ ಕೊರತೆಯನ್ನು ಕೈಯಿಂದ ತುಂಬುತ್ತಾರೆ. ಗಾಯಕರು ಗಾಂಧಾರದ ಮೇಲೆ ನಿಂತಾಗ ಇವರು ತಿದಿಯ ಒತ್ತಡ ತಗ್ಗಿಸುತ್ತಾರೆ, ಇಲ್ಲವೇ ಬೆರಳೆತ್ತಿ ಸುಮ್ಮನಿರುತ್ತಾರೆ. ಮೀಂಡು ಬಂದಾಗ ಒಂದು ಮನೆಯನ್ನು ಪೂರ್ತಿ ಬಿಡುವ ಮೊದಲೇ ಪಕ್ಕದ ಮನೆಯನ್ನು ಮುಟ್ಟಿ ಜಾರಿದ ಭಾವ ತರುತ್ತಾರೆ. ಗಾಯಕರು ಉಸಿರೆಳೆದುಕೊಳ್ಳುವಾಗ ಅವರ ಕೊನೆಯ ಮಾತನ್ನು ಮೆಲ್ಲಗೆ ಹಿಡಿದಿಡುತ್ತಾರೆ. ಇದಕ್ಕೆ ಬೆರಳಿಗಿಂತ ಮೊದಲು ಕಿವಿ ಬೇಕು. ಎಲ್ಲಿ ನುಡಿಸಬಾರದು ಎಂಬುದು ಗೊತ್ತಿರಬೇಕು. ಹಾಡಲು ಬಲ್ಲ ಪೇಟಿಯವರ ಸಾಥ್‌ಗೆ ಬೇರೆಯೇ ಬೆಲೆಯಿರುವುದು ಇದಕ್ಕಾಗಿ.

ಆದರೆ ಕೇಳುವ ನಾವು ಹೇಗಿದ್ದೇವೆ? ಟಿ.ವಿ.ಗಾಗಿ ಕಛೇರಿ ಚಿತ್ರೀಕರಿಸುವಾಗ ನಾನೂ ಕ್ಯಾಮೆರಾವನ್ನು ಗಾಯಕರ ಮುಖದ ಮೇಲೆಯೇ ನಿಲ್ಲಿಸಿದವನು. ಪೇಟಿಯವರ ಕೈ ಮೂಲೆಯಲ್ಲಿ ಅರ್ಧ ಕಂಡರೆ ಹೆಚ್ಚು. ಅವರ ಹೆಸರು ಕೊನೆಯಲ್ಲಿ ಓಡುವ ಅಕ್ಷರಗಳ ಸಾಲಿನಲ್ಲಿ ಬರುತ್ತದೆ. ಅಷ್ಟರಲ್ಲಿ ನೋಡುವವರು ಎದ್ದಿರುತ್ತಾರೆ. ನಿಮ್ಮ ಭಾಗದ ಮಾತನ್ನೇ ತೆಗೆದುಕೊಳ್ಳಿ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಹಿಂದೆ ವಾದ್ಯ ನುಡಿಸಿದವರು ಯಾರೆಂದು ನಾವು ಕೇಳಿಲ್ಲ. ಶ್ರೀಕೃಷ್ಣ ಪಾರಿಜಾತವೆಂದರೆ ಕುಲಗೋಡ ತಮ್ಮಣ್ಣನ ಹೆಸರು ಬರುತ್ತದೆ, ಕೌಜಲಗಿ ನಿಂಗಮ್ಮನ ಹೆಸರು ಬರುತ್ತದೆ. ಬೆಳಗಿನವರೆಗೆ ಪೇಟಿ ಒತ್ತಿದವರ ಹೆಸರು ಬರುವುದಿಲ್ಲ.

ಜಾನ್ ಲಾರ್ಡ್ ಅವರಿಗೆ ಧ್ವನಿಮುದ್ರಿಕೆಗಳಿವೆ, ಬರೆದಿಟ್ಟ ಸ್ವರಲಿಪಿಗಳಿವೆ. ರಾಮಭಾವು ಅವರಿಗೆ ಧ್ವನಿಮುದ್ರಣಗಳಿವೆ, ಕಲಿತ ಶಿಷ್ಯರಿದ್ದಾರೆ. ನಿಮ್ಮ ಓಣಿಯ ಭಜನಾ ಮೇಳದ ಮಾಸ್ತರರಿಗೆ ಏನಿದೆ? ತಿದಿ ನಿಂತ ಕೂಡಲೇ ಪೇಟಿಯ ಸ್ವರ ನಿಲ್ಲುತ್ತದೆ. ತಂತಿಯ ಹಾಗೆ ಝೇಂಕಾರ ಕೂಡ ಉಳಿಯುವುದಿಲ್ಲ. ಉಳಿಯುವುದು ಕೇಳಿದವರ ಕಿವಿಯಲ್ಲಿ ಮಾತ್ರ.

ಆದುದರಿಂದ ನಿಮಗೆ ಎರಡು ಕೆಲಸ ಹೇಳುತ್ತೇನೆ. ಮೊದಲನೆಯದು, ಯಾವುದಾದರೂ ಗಾಯನದ ಧ್ವನಿಮುದ್ರಣವನ್ನು ಎರಡು ಸಲ ಕೇಳಿ. ಮೊದಲ ಸಲ ಹಾಡನ್ನು ಕೇಳಿ. ಎರಡನೆಯ ಸಲ ಪೇಟಿಯನ್ನಷ್ಟೇ ಹಿಂಬಾಲಿಸಿ. ಅದು ಎಲ್ಲಿ ಸುಮ್ಮನಾಯಿತು ಎಂದು ಗುರುತು ಹಾಕಿಕೊಳ್ಳಿ. ಎರಡನೆಯದು, ನಿಮ್ಮ ಊರಿನ ಹಿರಿಯ ಪೇಟಿ ಮಾಸ್ತರರ ಬಳಿ ಹೋಗಿ ಕೂಡ್ರಿ. ಯಾರಿಂದ ಕಲಿತಿರಿ, ಯಾವ ಮನೆಯಿಂದ ಷಡ್ಜ ಹಿಡಿಯುತ್ತೀರಿ, ಯಾರ ಹಾಡಿಗೆ ನುಡಿಸುವುದು ಕಷ್ಟವಾಯಿತು ಎಂದು ಕೇಳಿ ಬರೆದುಕೊಳ್ಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ನುಡಿಕೆಯನ್ನು ಮುದ್ರಿಸಿಕೊಳ್ಳಿ. ಕ್ಯಾಮೆರಾವನ್ನು ಮಾತ್ರ ಮುಖದ ಮೇಲಲ್ಲ, ಕೈಯ ಮೇಲೆ ಇಡಿ.

ತೀರಿಕೊಂಡ ಮೇಲೆ ಪಟಕ್ಕೆ ಹಾರ ಹಾಕುವುದು ಸುಲಭ. ಇದ್ದಾಗ ಪಕ್ಕದಲ್ಲಿ ಕೂತು ಕೇಳಿದವರೇ ನಾಳೆ ನಿಜವಾಗಿ ನೆನೆಯಬಲ್ಲರು.